ಕಾರಂಜಿಯ ನೀರು ಯಾರ ಬೊಗಸೆಗೆ?

ಪ್ರತಿಭಾ ಕಾರಂಜಿ ಎಂಬ ಹೆಸರೇ ಚೆಂದ. 2000ರ ದಶಕದ ಆರಂಭದಲ್ಲಿ ಶಿಕ್ಷಣ ಇಲಾಖೆ ಇದನ್ನು ಶುರು ಮಾಡಿದಾಗ ಹಳ್ಳಿಯ ಸರಕಾರಿ ಶಾಲೆಯ ಮಕ್ಕಳಿಗೂ ಒಂದು ವೇದಿಕೆ ದೊರೆಯಿತು ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಕಂಠಪಾಠ, ಕಥೆ ಹೇಳುವುದು, ಛದ್ಮವೇಷ, ಅಭಿನಯ ಗೀತೆ ಎಲ್ಲವೂ ಅಲ್ಲಿವೆ. ಸಂಸ್ಕೃತದ ಜೊತೆಗೆ ಅರೇಬಿಕ್ ಧಾರ್ಮಿಕ ಪಠಣಕ್ಕೂ ಅವಕಾಶವಿದೆ. ಕನ್ನಡ, ಮರಾಠಿ, ಉರ್ದು ಮಾಧ್ಯಮದ ಶಾಲೆಗಳು ಅಕ್ಕಪಕ್ಕದಲ್ಲೇ ಇರುವ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಇದು ಸಣ್ಣ ಮಾತಲ್ಲ.

ಆದರೆ ಈ ಕಾರಂಜಿಯ ನೀರು ಯಾರ ಬೊಗಸೆ ಸೇರುತ್ತಿದೆ? ಶಾಲೆಯಿಂದ ಕ್ಲಸ್ಟರಿಗೆ, ಅಲ್ಲಿಂದ ತಾಲೂಕಿಗೆ, ಜಿಲ್ಲೆಗೆ, ರಾಜ್ಯಕ್ಕೆ. ಪ್ರತಿ ಮೆಟ್ಟಿಲಿನಲ್ಲೂ ಒಂದಿಷ್ಟು ಮಕ್ಕಳನ್ನು ಕೆಳಗಿಳಿಸುತ್ತ ಹೋಗುವುದೇ ಅದರ ಏರ್ಪಾಡು. ಶಾಲೆಯ ಮಾನದ ಪ್ರಶ್ನೆ ಬಂದಾಗ ಶಿಕ್ಷಕರು ಆರಿಸುವುದು ಮೊದಲೇ ಚುರುಕಾಗಿರುವ ನಾಲ್ಕೈದು ಮಕ್ಕಳನ್ನು. ತಾಲೀಮು ಅವರಿಗೆ. ಒತ್ತಕ್ಷರದಲ್ಲಿ ಎಡವುವ ಮಗುವಿಗೆ ಅಷ್ಟು ದಿನ ಕಾಪಿ ಬರೆಯುವ ಕೆಲಸ. ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಳೆದು ಅಗತ್ಯವಿದ್ದರೆ ಹೆಚ್ಚುವರಿ ಬೋಧನೆ ನೀಡುವುದು ಶಿಕ್ಷಕರ ಕರ್ತವ್ಯ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಮು ಹೇಳುತ್ತದೆ. ಅದಕ್ಕೆ ಬಹುಮಾನವಿಲ್ಲ, ಫೋಟೋ ಇಲ್ಲ.

ಈ ಭಾಗದ ಮಕ್ಕಳ ಬದುಕನ್ನೂ ನೋಡಬೇಕು. ನಿಪ್ಪಾಣಿಯ ಎಷ್ಟೋ ಮನೆಗಳಲ್ಲಿ ತಾಯಿ ಬೀಡಿ ಸುತ್ತುತ್ತಾಳೆ. ಎಳೆಯರನ್ನು ನೋಡಿಕೊಳ್ಳುವ ಹೊಣೆ ಹಿರಿಯ ಮಗಳದ್ದು. ರಾಯಬಾಗ, ಅಥಣಿ, ಕಾಗವಾಡ ಕಡೆ ಕಬ್ಬಿನ ಹಂಗಾಮು ಆರಂಭವಾದರೆ ಕಟಾವಿನ ಗ್ಯಾಂಗುಗಳೊಂದಿಗೆ ಮಕ್ಕಳೂ ಗುಡಿಸಲು ಸೇರುತ್ತಾರೆ. 2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗಾ, ವೇದಗಂಗಾ ಉಕ್ಕಿದಾಗ ಶಾಲೆಗಳು ನಿರಾಶ್ರಿತರ ಆಸರೆಯಾದವು. ಕ್ಲಸ್ಟರ್ ಸ್ಪರ್ಧೆಯ ದಿನ ಊರಲ್ಲೇ ಇರದ ಮಗುವಿನ ಪ್ರತಿಭೆ ಯಾವ ಪಟ್ಟಿಗೆ ಸೇರೀತು?

ವಿಪರ್ಯಾಸವೆಂದರೆ, ಇಂಥ ಮಗುವಿಗೆ ಒಪ್ಪುವ ದಾರಿಯನ್ನು ಇದೇ ಇಲಾಖೆ ಎಂದೋ ಕಂಡುಕೊಂಡಿತ್ತು. ಆಂಧ್ರದ ರಿಷಿವ್ಯಾಲಿಯ ಪ್ರಯೋಗದಿಂದ ಪ್ರೇರಿತವಾಗಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿ-ಕಲಿಯಲ್ಲಿ ಕಲಿಕಾ ಏಣಿ ಎಂಬುದೊಂದಿತ್ತು. ಹದಿನೈದು ದಿನ ಬಾರದ ಮಗು ಮರಳಿದಾಗ ತಾನು ನಿಂತ ಮೆಟ್ಟಿಲಿನಿಂದಲೇ ಮುಂದುವರಿಯಬಹುದಿತ್ತು. ಶಿಕ್ಷಕರ ನೆರವು ಬೇಕಾದವರು ಒಂದು ಗುಂಪು, ಸಹಪಾಠಿಯ ನೆರವು ಸಾಕೆನಿಸಿದವರು ಇನ್ನೊಂದು ಗುಂಪು. ಹಾಡು, ಕಥೆ, ಆಟ, ಚಿತ್ರ ಪಾಠದೊಳಗೇ ಇದ್ದವು, ಎಲ್ಲರಿಗೂ ಇದ್ದವು. 2009-10ರಿಂದ ಇದು ರಾಜ್ಯವ್ಯಾಪಿಯಾಯಿತು. ಆದರೆ ಮೊದಲ ಮೂರು ತರಗತಿಗಳಿಗೇ ಸೀಮಿತವಾಯಿತು. ಕಾರ್ಡು, ದಾಖಲೆಗಳ ಹೊರೆಯ ಬಗ್ಗೆ ಶಿಕ್ಷಕರ ದೂರು ಸುಳ್ಳಲ್ಲ. ಆದರೂ ನಾಲ್ಕನೇ ತರಗತಿಗೆ ಕಾಲಿಟ್ಟ ಮಗು ಹಾಡು-ಕಥೆಗಳನ್ನು ಕೆಳಗೆ ಬಿಟ್ಟು ಗದ್ಯ-ಪದ್ಯದ ಪ್ರಶ್ನೋತ್ತರಕ್ಕೆ ಬೀಳಬೇಕಾದುದು ಯಾವ ನ್ಯಾಯ? ಕೋವಿಡ್ ನಂತರ 2022-23ರಲ್ಲಿ ಬಂದ ಕಲಿಕಾ ಚೇತರಿಕೆಯು ಹಿಂದುಳಿದ ಕಲಿಕೆಯನ್ನು ತುಂಬುವ ಪ್ರಯತ್ನ ಮಾಡಿತು. ಕಬ್ಬಿನ ಗದ್ದೆಗೆ ಹೋಗುವ ಮಗುವಿಗೆ ಅಂಥ ಚೇತರಿಕೆ ಪ್ರತಿ ವರ್ಷವೂ ಬೇಕು.

ಇನ್ನು ಮೌಲ್ಯ ಶಿಕ್ಷಣದ ಮಾತು. ಸರಕಾರ ಯಾವುದೇ ಬರಲಿ, ನೀತಿ ಪಾಠಕ್ಕೊಂದು ಅವಧಿ ಬೇಕೆಂಬ ಚರ್ಚೆ ಏಳುತ್ತಲೇ ಇರುತ್ತದೆ. ಮಠಾಧೀಶರು, ಮೌಲ್ವಿಗಳು, ಪಾದ್ರಿಗಳೆಲ್ಲ ಒಪ್ಪುವ ಅಪರೂಪದ ವಿಷಯ ಇದು! ಸೋತ ಗೆಳೆಯನನ್ನು ಗೆದ್ದವನು ಹೇಗೆ ನಡೆಸಿಕೊಂಡ, ಉರ್ದು ಶಾಲೆಯ ಮಗು ತೊದಲುತ್ತ ಕನ್ನಡ ಪದ್ಯ ಹೇಳಿದಾಗ ಸಭೆ ನಕ್ಕಿತೋ ಚಪ್ಪಾಳೆ ತಟ್ಟಿತೋ ಎಂಬುದರಲ್ಲಿ ಆ ಪಾಠ ನಡೆದೇ ಹೋಗಿರುತ್ತದೆ. ಭಾಷೆಗೊಂದು ಪ್ರತ್ಯೇಕ ಸ್ಪರ್ಧೆ ಇಟ್ಟು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿದರೆ ಮರಾಠಿ ಮಗು ಉರ್ದು ನಝ್ಮನ್ನು ಕೇಳುವುದು ಯಾವಾಗ?

ಸ್ಪರ್ಧೆಯೇ ಬೇಡವೆಂದು ನಾವು ಹೇಳುತ್ತಿಲ್ಲ. ಪ್ರೌಢಶಾಲೆಯವರು ಸ್ಪರ್ಧಿಸಲಿ. ನಾಲ್ಕನೇ ತರಗತಿಯವರೆಗಿನ ಮಕ್ಕಳಿಗೆ ಮಾತ್ರ ಕ್ಲಸ್ಟರಿನಲ್ಲಿ ಕ್ರಮಾಂಕವಿಲ್ಲದ ಒಂದು ದಿನವಿರಲಿ. ಮೂರೂ ಮಾಧ್ಯಮದವರು ಒಂದೇ ಜಮಖಾನೆಯ ಮೇಲೆ ಕೂರಲಿ, ಬಂದ ಪ್ರತಿ ಮಗುವೂ ಏನಾದರೊಂದು ಹೇಳಲಿ. ಇದಕ್ಕೆ ಹೊಸ ಅನುದಾನ ಬೇಕಿಲ್ಲ, ಒಂದು ಸುತ್ತೋಲೆ ಸಾಕು.