ಮೀಸೆಯ ಕತೆಯಲ್ಲ, ಒಲೆಯ ಕತೆ

ವೀರಪ್ಪನ್ ಎಂದೊಡನೆ ಕಣ್ಣಿಗೆ ಕಟ್ಟುವುದು ಆ ಮೀಸೆ. 2013ರ ‘ಅಟ್ಟಹಾಸ’ವಾಗಲಿ, 2016ರ ‘ಕಿಲ್ಲಿಂಗ್ ವೀರಪ್ಪನ್’ ಸಿನಿಮಾ ಆಗಲಿ ಕಾಡುಗಳ್ಳ ಮತ್ತು ಪೊಲೀಸರ ಸುತ್ತಲೇ ಸುತ್ತಿದವು. ಈ ಇಬ್ಬರ ನಡುವೆ ಒಲೆ ಹೊತ್ತಿಸಿಕೊಂಡು ಮಕ್ಕಳನ್ನು ಸಾಕುತ್ತಿದ್ದ ಕಾಡಿನ ಬುಡಕಟ್ಟು ಜನ ಸೋಲಿಗರ ಸಂಸಾರವನ್ನು ಕಾಣಬೇಕಾದರೆ ತಮಿಳಿಗೆ ಹೋಗಬೇಕು. ವಕೀಲ ಸ. ಬಾಲಮುರುಗನ್ ಬರೆದು 2004ರಲ್ಲಿ ಬಂದ ಕಾದಂಬರಿ ‘ಸೋಳಗರ್ ತೊಟ್ಟಿ’. ಅದೇ ವರ್ಷದ ಅಕ್ಟೋಬರ್ 18ರಂದು ವೀರಪ್ಪನ್ ಗುಂಡಿಗೆ ಬಲಿಯಾದ.

ವೀರಪ್ಪನ್ ಬೇಟೆಯ ಆ ವರ್ಷಗಳಿಗೆ ಅಂತರ್ಯುದ್ಧ ಎಂಬ ಹೆಸರು ಬೀಳಲಿಲ್ಲ. ಆದರೆ ಇಂದಿನ ಹನೂರು ತಾಲ್ಲೂಕು ಕಂಡದ್ದೇನು ಕಡಿಮೆಯೇ? 1991ರಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಹತ್ಯೆ. 1992ರಲ್ಲಿ ರಾಮಾಪುರ ಠಾಣೆಯ ಮೇಲೆ ದಾಳಿ. ಅದೇ ವರ್ಷದ ಆಗಸ್ಟ್‌ನಲ್ಲಿ ಮೀಣ್ಯಂ ಬಳಿ ಎಸ್‌ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹಮದ್ ಬಲಿ. 1993ರ ಏಪ್ರಿಲ್ 9ರಂದು ಪಾಲಾರ್‌ನಲ್ಲಿ ನೆಲಬಾಂಬ್, 22 ಸಾವು.

ಕಾದಂಬರಿಯ ಮೊದಲರ್ಧದಲ್ಲಿ ಬಂದೂಕಿನ ಸದ್ದು ದೂರ. ಕಾಡು, ಬೇಸಾಯ, ದೇವರು, ಕೈತಪ್ಪುವ ಭೂಮಿ ಇವುಗಳಲ್ಲೇ ಹಟ್ಟಿಯ ಬದುಕು ಬೆಳೆಯುತ್ತದೆ. ಬಾಲಮುರುಗನ್ ಅವರ ಕಸುಬುಗಾರಿಕೆ ಇರುವುದೇ ಈ ನಿಧಾನದಲ್ಲಿ. ಶಿವಣ್ಣ, ಮಾದಿಯರ ಮನೆ ಓದುಗರಿಗೆ ನಮ್ಮ ಮನೆಯೇ ಆದ ಮೇಲೆ, ದ್ವಿತೀಯಾರ್ಧದಲ್ಲಿ ಬೂಟುಗಾಲು ಒಳಗೆ ಬರುತ್ತದೆ. ‘ಯಾರು ಬಂದಿದ್ದರು, ಯಾರಿಗೆ ಅನ್ನ ಹಾಕಿದೆ?’ ಎಂಬ ಅನುಮಾನವೇ ಅಪರಾಧವಾಗುತ್ತದೆ.

ಇದು ಬರೀ ಕಲ್ಪನೆಯಲ್ಲ. ವೀರಪ್ಪನ್ ಬೇಟೆಗೆಂದು ಬಂದ ವಿಶೇಷ ಕಾರ್ಯಪಡೆಯ ಮಾದೇಶ್ವರ ಬೆಟ್ಟದ ಶಿಬಿರದಲ್ಲಿ ‘ವರ್ಕ್‌ಶಾಪ್’ ಎಂದು ಹೆಸರಾಗಿದ್ದ ಜಾಗದ ಚಿತ್ರಹಿಂಸೆಯನ್ನು, ವಿದ್ಯುತ್ ಶಾಕ್ ಕೊಟ್ಟದ್ದನ್ನು, ಸಂತ್ರಸ್ತರು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ್ದ ನ್ಯಾಯಮೂರ್ತಿ ಸದಾಶಿವ ಸಮಿತಿಯ ಮುಂದೆ ಹೇಳಿಕೊಂಡರು. 2007ರಲ್ಲಿ ಆಯೋಗ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡುವಂತೆ ಹೇಳಿತು.

ಅನುಮಾನವೇ ಹಿಂಸೆಯಾಗುವ ಇಂಥ ಕತೆ ಈ ನೆಲಕ್ಕೆ ಹೊಸದೂ ಅಲ್ಲ. ಕಂಸಾಳೆಯವರು ಹಾಡುವ ಮಲೆ ಮಾದೇಶ್ವರ ಕಾವ್ಯದ ಸಂಕಮ್ಮನ ಸಾಲಿನಲ್ಲಿ ಜೇನುಮಲೆಗೆ ಹೊರಟ ನೀಲೇಗೌಡ ಹೆಂಡತಿಯ ಮೇಲಿನ ಅನುಮಾನಕ್ಕೆ ಆಣೆಭಾಷೆ ಕೇಳಿ ಹಿಂಸಿಸುತ್ತಾನೆ. ಮಾದಪ್ಪನ ಮಲೆಯ ಹಾಡು ನಿಲ್ಲುವುದು ಸಂಕಮ್ಮನ ಪಕ್ಕದಲ್ಲಿ. ಬಾಲಮುರುಗನ್ ನಿಂತದ್ದು ಮಾದಿಯ ಪಕ್ಕದಲ್ಲಿ.

ತಮಿಳು ಓದಬಲ್ಲ ಗಡಿಯ ಓದುಗರು ಈ ಪುಸ್ತಕವನ್ನು ಇಂದೇ ಹಿಡಿಯಲಿ. ಕನ್ನಡದ ಯುವ ಕತೆಗಾರರು ಸೋಲಿಗರ ಪೋಡುಗಳಿಗೆ ಹೋಗಿ ಕೂತು ಕೇಳಲಿ. ಪಾಲಾರ್ ಸಿಡಿದಾಗ ಮೂವತ್ತರಲ್ಲಿದ್ದವರು ಈಗ ಅರವತ್ತು ದಾಟಿದ್ದಾರೆ.