ನಾದಿರಾ ಮತ್ತು ಹೊಲಿದ ಪತ್ರ

ಹಿರೇಗುತ್ತಿಯಲ್ಲಿ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ಮಾತು ಬಂದಾಗಲೆಲ್ಲ ನಮ್ಮವರು ಕೇಳುವುದು ಒಂದೇ: ಅದು ಧರ್ಮವಿರೋಧಿಯೇ? ಪ್ರಶ್ನೆಯೇ ದಾರಿ ತಪ್ಪಿದೆ ಎಂಬುದು ನಮ್ಮ ಅನಿಸಿಕೆ. ಯಹೂದಿ ಧರ್ಮಶಾಸ್ತ್ರದ ಒಂದು ಕಟ್ಟಳೆಯನ್ನು ಪಕ್ಕದಲ್ಲಿಟ್ಟು ಓದಿದರೆ ಇದು ತಿಳಿಯುತ್ತದೆ.

ಪ್ರವಾದಿ ಹಾರೂನರ ವಂಶದ ಪುರೋಹಿತ, ಅಂದರೆ ಕೊಹೆನ್, ವಿಚ್ಛೇದಿತೆಯನ್ನು ಮದುವೆಯಾಗುವಂತಿಲ್ಲ. ತಾನೇ ಬಿಟ್ಟ ಹೆಂಡತಿಯನ್ನೂ ಮರಳಿ ಕೂಡುವಂತಿಲ್ಲ. ಇಸ್ರೇಲಿನ ಅಧಿಕೃತ ರಬ್ಬಿ ಪೀಠ ಇಂದಿಗೂ ಇಂಥ ಮದುವೆ ಮಾಡಿಸುವುದಿಲ್ಲ. ಕಟ್ಟಳೆಯ ಭಾರವೆಲ್ಲ ಹೆಣ್ಣಿನ ಮೇಲೆ, ನಿಜ. ಆದರೆ ಮುಂಗೋಪಿ ಕೊಹೆನ್‌ಗಳ ಸಲುವಾಗಿ ಪಂಡಿತರು ವಿಚ್ಛೇದನ ಪತ್ರವನ್ನು ಮಡಿಕೆ ಮಡಿಕೆಯಾಗಿ ಬರೆದು ಹೊಲಿಯುವ ಕ್ರಮ ತಂದರೆಂದು ತಾಲ್ಮುದ್ ಹೇಳುತ್ತದೆ. ಹೊಲಿದು ಮುಗಿಯುವಷ್ಟರಲ್ಲಿ ಸಿಟ್ಟು ಇಳಿಯಲಿ ಎಂದು.

ನಾದಿರಾಳ ಊರಿನಲ್ಲಿ ಆ ಸೂಜಿದಾರ ಹಿಡಿದವರು ಯಾರೂ ಇಲ್ಲ. ತಂದೆ ಮಹಮ್ಮದ್ ಖಾನನ ಹಟಕ್ಕೆ ಮಣಿದು ರಶೀದ್ ತಲಾಖ್ ಕೊಡುತ್ತಾನೆ. ಎರಡೂ ಕಡೆಯ ಮಧ್ಯಸ್ಥರನ್ನು ಕರೆಯಿರಿ ಎಂಬ ಕುರ್‌ಆನಿನ ಮಾತು ಯಾರಿಗೂ ನೆನಪಾಗುವುದಿಲ್ಲ. ಮರಳಿ ಬರಬೇಕಾದರೆ ಅವಳು ಮತ್ತೊಬ್ಬನೊಡನೆ ನಿಕಾಹ್ ಆಗಿ ಒಂದು ರಾತ್ರಿ ಕಳೆಯಬೇಕೆಂಬುದು ಮಾತ್ರ ಎಲ್ಲರಿಗೂ ಬಾಯಿಪಾಠ. ಅವಳು ಮಸೀದಿಯ ಕೊಳವನ್ನು ಆರಿಸಿಕೊಳ್ಳುತ್ತಾಳೆ.

ರಶೀದನನ್ನು ಲೇಖಕಿ ಇನ್ನಷ್ಟು ವಿಚಾರಿಸಿಕೊಳ್ಳಬೇಕಿತ್ತು. ಅವನು ಒಳ್ಳೆಯವನು, ಸರಿ. ತಲಾಖ್ ಕೊಟ್ಟವನೂ ಅವನೇ ತಾನೆ?

2019ರ ಕಾಯಿದೆ ಒಂದೇ ಉಸಿರಿನ ಮೂರು ತಲಾಖನ್ನು ಅಸಿಂಧುಗೊಳಿಸಿದೆ. ಅಪ್ಪಂದಿರ ಹಟಕ್ಕೆ, ಗಂಡಂದಿರ ಪುಕ್ಕಲುತನಕ್ಕೆ ಕಾಯಿದೆಯಿಲ್ಲ. 2023ರಲ್ಲಿ ತೀರಿಕೊಂಡ ಸಾರಾ ಕೇಳಿದ್ದು ಧರ್ಮವನ್ನಲ್ಲ, ನಮ್ಮನ್ನು. ಉತ್ತರ ಇನ್ನೂ ಬಾಕಿಯಿದೆ.