ಹೆಸರು ಯಾರ ಖಾತೆಯಲ್ಲಿದೆ?

ಹೊಸದಾಗಿ ಜಾಲತಾಣ ತೆರೆಯಲು ಹೊರಟವರಿಗೆ ಡೊಮೈನ್, ಡಿಎನ್‌ಎಸ್, ಹೋಸ್ಟಿಂಗ್ ಎಂಬ ಮೂರೂ ಸಾಮಾನ್ಯವಾಗಿ ಒಂದೇ ಅಂಗಡಿಯಲ್ಲಿ, ಒಂದೇ ರಸೀದಿಯ ಮೇಲೆ ಸಿಗುವುದರಿಂದ, ಅವೆಲ್ಲ ಒಂದೇ ವಸ್ತುವಿನ ಬೇರೆ ಬೇರೆ ಹೆಸರುಗಳೆಂಬ ಭಾವನೆ ಮೂಡುವುದು ಸಹಜ. ವಾಸ್ತವದಲ್ಲಿ ಅವು ಮೂರು ಪ್ರತ್ಯೇಕ ವ್ಯವಹಾರಗಳು. ಡೊಮೈನ್ ಎಂಬುದು ಹೆಸರು. ಆ ಹೆಸರು ಕೇಳಿದವರಿಗೆ ವಿಳಾಸ ಹೇಳುವುದು ಡಿಎನ್‌ಎಸ್‌ನ ಕೆಲಸ. ಆ ವಿಳಾಸದಲ್ಲಿ ತಾಣದ ಪುಟಗಳಿಗೆ ಜಾಗ ಕೊಟ್ಟು ಕಾಯುವುದು ಹೋಸ್ಟಿಂಗ್. ಈ ಮೂರರ ಗಡಿಯನ್ನು ಗುರುತಿಸಿಕೊಂಡವರಿಗೆ ಉಳಿದ ಪರಿಭಾಷೆ ತಾನಾಗಿ ಬಿಡಿಸಿಕೊಳ್ಳುತ್ತದೆ. ಗುರುತಿಸದವರು ವರ್ಷಗಟ್ಟಲೆ ಬೆಳೆಸಿದ ತಾಣದ ಹೆಸರನ್ನೇ ಕಳೆದುಕೊಂಡು ಪರದಾಡುವುದುಂಟು.

ಸರ್ವರ್ ಎಂಬ ಪದ ಕೇಳಿ ಬೆದರಬೇಕಾದ್ದೇನೂ ಇಲ್ಲ. ಕೇಳಿದವರಿಗೆ ಕೇಳಿದ ಕಡತವನ್ನು ಒದಗಿಸಲು ಹಗಲಿರುಳು ಚಾಲೂ ಇರುವ ಕಂಪ್ಯೂಟರ್ ಅದು. ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ ಅವರು 1990ರ ಕೊನೆಯಲ್ಲಿ ಜಗತ್ತಿನ ಮೊದಲ ವೆಬ್ ಸರ್ವರನ್ನು ನಡೆಸಿದ್ದು ತಮ್ಮ ನೆಕ್ಸ್ಟ್ ಕಂಪ್ಯೂಟರಿನಲ್ಲೇ. ಇದು ಸರ್ವರ್, ಯಾರೂ ಆರಿಸಕೂಡದು ಎಂಬ ಅರ್ಥದ ಚೀಟಿಯೊಂದು ಆ ಯಂತ್ರದ ಮೇಲೆ ಅಂಟಿಕೊಂಡಿತ್ತು. ಹೋಸ್ಟಿಂಗ್ ಎಂದರೆ ಇಂಥ ಆರದ ಯಂತ್ರವೊಂದರಲ್ಲಿ ಜಾಗವನ್ನು ಬಾಡಿಗೆಗೆ ಪಡೆಯುವುದು, ಅಷ್ಟೆ. ಅಂತರಜಾಲಕ್ಕೆ ನೇರವಾಗಿ ತೆರೆದುಕೊಂಡ ಪ್ರತಿ ಯಂತ್ರಕ್ಕೂ ಐಪಿ ವಿಳಾಸವೆಂಬ ಸಂಖ್ಯೆ ಇರುತ್ತದೆ. ಹಳೆಯ ನಾಲ್ಕನೇ ಆವೃತ್ತಿಯ ಲೆಕ್ಕದಲ್ಲಿ ಈ ಸಂಖ್ಯೆ 32 ಬಿಟ್‌ಗಳದ್ದಾದ್ದರಿಂದ ಒಟ್ಟು ಸುಮಾರು 429 ಕೋಟಿ ವಿಳಾಸಗಳಷ್ಟೇ ಸಾಧ್ಯ; ಹಂಚಿಕೆಗೆಂದು ಕೇಂದ್ರ ದಾಸ್ತಾನಿನಲ್ಲಿ ಉಳಿದಿದ್ದವು 2011ರ ಫೆಬ್ರವರಿಯಲ್ಲಿ ಮುಗಿದವು. 128 ಬಿಟ್‌ಗಳ ಆರನೇ ಆವೃತ್ತಿ ಬಳಕೆಗೆ ಬಂದಿದ್ದರೂ ಹಳೆಯದು ಇನ್ನೂ ತೆರವಾಗಿಲ್ಲ.

ಇಷ್ಟು ವಿರಳವಾದ ವಿಳಾಸಗಳಲ್ಲಿ ಲೆಕ್ಕವಿಲ್ಲದಷ್ಟು ತಾಣಗಳು ನೆಲೆಸಲು ಸಾಧ್ಯವಾದದ್ದು ಒಂದು ಸಣ್ಣ ಸಾಲಿನಿಂದ. ಬ್ರೌಸರ್ ಮತ್ತು ಸರ್ವರ್ ನಡುವಿನ ಮಾತುಕತೆಯ ನಿಯಮವಾದ ಎಚ್‌ಟಿಟಿಪಿಯ 1.1 ಆವೃತ್ತಿ 1997ರಲ್ಲಿ ಪ್ರಕಟವಾದಾಗ, ಬ್ರೌಸರ್ ತಾನು ಯಾವ ಹೆಸರಿನ ತಾಣವನ್ನು ಹುಡುಕಿಕೊಂಡು ಬಂದಿದೆ ಎಂಬುದನ್ನು ಪ್ರತಿ ಕೋರಿಕೆಯಲ್ಲೂ ತಿಳಿಸುವುದು ಕಡ್ಡಾಯವಾಯಿತು. ಬಾಗಿಲಿಗೆ ಬಂದವರು ಯಾರ ಮನೆಗೆ ಬಂದದ್ದೆಂದು ಹೇಳಿದರೆ ಒಂದೇ ಹೆಬ್ಬಾಗಿಲಿನೊಳಗೆ ಹತ್ತಾರು ಸಂಸಾರಗಳು ಇರಬಹುದಲ್ಲವೇ? ಷೇರ್ಡ್ ಹೋಸ್ಟಿಂಗ್ ಎನ್ನುವುದು ಅಂಥ ವಠಾರ: ಬಾಡಿಗೆ ಕಡಿಮೆ, ಆದರೆ ಪಕ್ಕದ ಮನೆಯವರು ನಲ್ಲಿ ಬಿಟ್ಟರೆ ಈ ಮನೆಯ ನೀರು ಸಣ್ಣಗಾಗುತ್ತದೆ. ವಿಪಿಎಸ್ ಎಂಬುದು ಅದೇ ಕಟ್ಟಡದಲ್ಲಿ ತನ್ನದೇ ಮೀಟರು, ತನ್ನದೇ ತೊಟ್ಟಿ ಇರುವ ಮನೆ. ಡೆಡಿಕೇಟೆಡ್ ಸರ್ವರ್ ಎಂದರೆ ಇಡೀ ಕಟ್ಟಡ. ಕ್ಲೌಡ್ ಎಂಬ ಪದಕ್ಕೆ ಆಕಾಶದ ಸಂಬಂಧವಿಲ್ಲ. ಬೇಕಾದಾಗ ಬೇಕಾದಷ್ಟು ಕೋಣೆಗಳನ್ನು ತೆಗೆದುಕೊಂಡು ಬಳಸಿದ್ದಕ್ಕೆ ಮಾತ್ರ ತೆರುವ ಏರ್ಪಾಡು ಅದು. ಊರ ಗ್ರಂಥಾಲಯಕ್ಕೋ ಹವ್ಯಾಸಿ ನಾಟಕ ತಂಡಕ್ಕೋ ವಠಾರವೇ ಧಾರಾಳ ಸಾಕು, ಮೊದಲ ದಿನವೇ ಕಟ್ಟಡ ಹಿಡಿಯುವ ಅಗತ್ಯವಿಲ್ಲ.

ಹೆಸರಿನ ವ್ಯವಸ್ಥೆ ಇದಕ್ಕಿಂತ ಸ್ವಾರಸ್ಯಕರ. ಅಮೆರಿಕದ ಅರ್ಪಾನೆಟ್ ಜಾಲ ಚಿಕ್ಕದಾಗಿದ್ದ ಕಾಲದಲ್ಲಿ ಯಂತ್ರಗಳ ಹೆಸರು ಮತ್ತು ವಿಳಾಸಗಳೆಲ್ಲ ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಆ ಪಟ್ಟಿಯನ್ನು ತಿದ್ದುತ್ತಿತ್ತು, ಉಳಿದವರು ಅದರ ಪ್ರತಿಯನ್ನು ತರಿಸಿಕೊಳ್ಳುತ್ತಿದ್ದರು. ಜಾಲ ಬೆಳೆದಂತೆ ಒಂದೇ ಕಡತ ಎಲ್ಲರ ಭಾರ ಹೊರಲಾರದಾದಾಗ, 1983ರಲ್ಲಿ ಪಾಲ್ ಮೋಕಾಪೆಟ್ರಿಸ್ ಅವರು ಪಟ್ಟಿಯನ್ನು ಅಧಿಕಾರ ವ್ಯಾಪ್ತಿಗಳಾಗಿ ಒಡೆದು, ಆಯಾ ವ್ಯಾಪ್ತಿಯ ಹೆಸರುಗಳ ಹೊಣೆಯನ್ನು ಆಯಾ ಕಡೆಯವರಿಗೇ ಒಪ್ಪಿಸುವ ವಿಧಾನವನ್ನು ರೂಪಿಸಿದರು. ಅದೇ ಡಿಎನ್‌ಎಸ್. ಅದು ಹೆಸರನ್ನು ಬಲದಿಂದ ಎಡಕ್ಕೆ ಓದುತ್ತದೆ ಎಂಬುದು ಮೊದಲು ವಿಚಿತ್ರವೆನಿಸಿದರೂ ಕನ್ನಡಿಗರಿಗೆ ಈ ಕ್ರಮ ಹೊಸದಲ್ಲ: ಪಹಣಿಯಲ್ಲಿ ಮೊದಲು ತಾಲ್ಲೂಕು, ಆಮೇಲೆ ಹೋಬಳಿ, ಆಮೇಲೆ ಗ್ರಾಮ ಬರುವಂತೆ, ಇಲ್ಲಿಯೂ ದೊಡ್ಡ ವ್ಯಾಪ್ತಿಯಿಂದ ಚಿಕ್ಕದಕ್ಕೆ ಇಳಿಯಲಾಗುತ್ತದೆ. ಕರ್ನಾಟಕ ಸರ್ಕಾರದ ತಾಣದ ಹೆಸರು ಡಾಟ್ ಜಿಒವಿ, ಡಾಟ್ ಇನ್ ಎಂದು ಕೊನೆಗೊಳ್ಳುತ್ತದೆ. ಆ ಹೆಸರಿನ ವಿಳಾಸ ಯಾರ ನೆನಪಿನಲ್ಲೂ ಇಲ್ಲದಿದ್ದರೆ ವಿಚಾರಣೆ ಮೊದಲು ರೂಟ್ ಸರ್ವರಿಗೆ ಹೋಗುತ್ತದೆ. ರೂಟ್ ವಿಳಾಸ ಹೇಳುವುದಿಲ್ಲ, ಡಾಟ್ ಇನ್ ನೋಡಿಕೊಳ್ಳುವವರತ್ತ ಕೈ ತೋರಿಸುತ್ತದೆ. ಅವರು ಜಿಒವಿ ವ್ಯಾಪ್ತಿಯವರತ್ತ ತೋರಿಸುತ್ತಾರೆ. ಕೊನೆಗೆ ಆ ತಾಣದ ನೇಮ್‌ಸರ್ವರ್ ಐಪಿ ವಿಳಾಸವನ್ನು ಕೊಡುತ್ತದೆ. ರೂಟ್ ಸರ್ವರುಗಳಿಗೆ ಎ ಇಂದ ಎಮ್ ವರೆಗೆ 13 ಹೆಸರುಗಳಷ್ಟೇ ಇದ್ದರೂ ಅವುಗಳ ಪಡಿಯಚ್ಚುಗಳು ಜಗತ್ತಿನಾದ್ಯಂತ ಸಾವಿರಕ್ಕೂ ಹೆಚ್ಚಿವೆ. ಇಷ್ಟೆಲ್ಲ ಓಡಾಟ ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಮುಗಿದುಹೋಗುತ್ತದೆ ಎಂಬುದು ಎಷ್ಟು ಸಲ ಯೋಚಿಸಿದರೂ ಬೆರಗು ಹುಟ್ಟಿಸುವ ಸಂಗತಿ.

ಈ ಹೆಸರನ್ನು ಕೊಂಡೆವು ಎಂದು ಜನ ಹೇಳುವುದು ರೂಢಿ, ಆದರೆ ಡೊಮೈನನ್ನು ಯಾರೂ ಕೊಳ್ಳಲಾರರು, ಗುತ್ತಿಗೆಗೆ ಹಿಡಿಯಬಲ್ಲರು, ಅದೂ ಡಾಟ್ ಕಾಮ್‌ನಂಥ ವ್ಯಾಪ್ತಿಯಲ್ಲಿ ಒಂದು ಸಲಕ್ಕೆ ಗರಿಷ್ಠ ಹತ್ತು ವರ್ಷಕ್ಕೆ. ಇಡೀ ವ್ಯಾಪ್ತಿಯ ಮೂಲ ದಫ್ತರವನ್ನು ಕಾಯುವ ಸಂಸ್ಥೆ ರಿಜಿಸ್ಟ್ರಿ. ಭಾರತದ ಡಾಟ್ ಇನ್‌ಗೆ ಆ ಹೊಣೆ ಹೊತ್ತಿರುವುದು ನಿಕ್ಸಿ. ಜನರಿಂದ ಹಣ ಪಡೆದು ದಫ್ತರದಲ್ಲಿ ನಮೂದು ಮಾಡಿಸುವ ವ್ಯಾಪಾರಿ ರಿಜಿಸ್ಟ್ರಾರ್. ಯಾರ ಹೆಸರಿನಲ್ಲಿ ನಮೂದಾಗಿದೆಯೋ ಅವರು ರಿಜಿಸ್ಟ್ರಂಟ್, ಅಂದರೆ ಖಾತೆದಾರರು. ಎಲ್ಲ ತೊಡಕೂ ಈ ಕೊನೆಯ ಪದದಲ್ಲಿದೆ. ತಾಣ ಕಟ್ಟಿಕೊಡುವವರು ಗಿರಾಕಿಯ ಅನುಕೂಲಕ್ಕೆಂದೇ ಡೊಮೈನನ್ನು ತಮ್ಮ ಹೆಸರಿನಲ್ಲಿ, ತಮ್ಮ ಇಮೇಲಿನಲ್ಲಿ ನೋಂದಾಯಿಸಿರುತ್ತಾರೆ. ಕೆಲವು ವರ್ಷಗಳ ಮೇಲೆ ಅವರು ಆ ಕಸಬನ್ನೇ ಬಿಟ್ಟಿರುತ್ತಾರೆ, ನವೀಕರಣದ ಸೂಚನೆ ಯಾರೂ ತೆರೆಯದ ಅಂಚೆಪೆಟ್ಟಿಗೆಗೆ ಹೋಗಿ ಬೀಳುತ್ತದೆ. ಡಾಟ್ ಕಾಮ್‌ನಂಥ ವ್ಯಾಪ್ತಿಗಳಲ್ಲಿ ಅವಧಿ ಮೀರಿ ಅಳಿಸಿಹೋದ ಹೆಸರನ್ನು ಹೆಚ್ಚಿನ ಶುಲ್ಕ ತೆತ್ತು ಬಿಡಿಸಿಕೊಳ್ಳಲು 30 ದಿನಗಳ ಗಡುವಿದೆ. ಅದೂ ದಾಟಿದರೆ ಹೆಸರು ಮೊದಲು ಕೇಳಿದವರ ಪಾಲು. ಮನೆಯ ಬಣ್ಣವನ್ನು ಬೇರೆಯವರು ಬಳಿಯಬಹುದು, ಖಾತೆ ಮಾತ್ರ ಒಡೆಯರ ಹೆಸರಿನಲ್ಲೇ ಇರಬೇಕು.

ಹೆಸರು ಕನ್ನಡದಲ್ಲೇ ಇರಬಹುದೇ ಎಂಬ ಪ್ರಶ್ನೆಗೆ ಇರಬಹುದು ಎಂಬುದು ಉತ್ತರ, ಏಕೆಂದರೆ ಡಾಟ್ ಭಾರತ ಎಂಬ ವ್ಯಾಪ್ತಿ ಕನ್ನಡ ಲಿಪಿಯಲ್ಲಿ ಮಂಜೂರಾಗಿದೆ. ಆದರೆ ಡಿಎನ್‌ಎಸ್‌ನ ಹಳೆಯ ಯಂತ್ರಾಂಗಕ್ಕೆ ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಅಡ್ಡಗೆರೆಗಳ ಹೊರತು ಬೇರೇನೂ ಪರಿಚಿತವಲ್ಲವಾದ್ದರಿಂದ, 2003ರಲ್ಲಿ ಪ್ರಕಟವಾದ ಪ್ಯೂನಿಕೋಡ್ ಎಂಬ ಸೂತ್ರ ಕನ್ನಡದ ಹೆಸರನ್ನು ತೆರೆಯ ಹಿಂದೆ ಆ ಅಕ್ಷರಗಳಿಗೆ ತಿರುಗಿಸುತ್ತದೆ. ‘ಭಾರತ’ ಎಂಬುದು ಭಕಾರ, ದೀರ್ಘದ ಗುರುತು, ರ, ತ ಎಂಬ ನಾಲ್ಕು ಸಂಕೇತಗಳ ಪದ. ಜಾಲದಲ್ಲಿ ಅದು ಸಾಗುವುದು ಎಕ್ಸ್, ಎನ್, ಎರಡು ಅಡ್ಡಗೆರೆ, 2, ಎಸ್, ಸಿ, ಆರ್, ಜೆ, 9, ಸಿ ಎಂಬ ಹನ್ನೊಂದು ಚಿಹ್ನೆಗಳ ವೇಷದಲ್ಲಿ. ಇನ್ನೊಂದು ಸೂಕ್ಷ್ಮವೂ ಇದೆ. ಕನ್ನಡದ ರ, ಲ, ಜ ಅಕ್ಷರಗಳನ್ನು ತೆಲುಗಿನವುಗಳ ಪಕ್ಕದಲ್ಲಿಟ್ಟರೆ ಕಣ್ಣು ಬೇರ್ಪಡಿಸುವುದು ಕಷ್ಟ, ಆದರೆ ಕಂಪ್ಯೂಟರಿಗೆ ಅವು ಸಂಪೂರ್ಣ ಬೇರೆ ಸಂಕೇತಗಳು. ಹಾಗಾಗಿ ನೋಡಲು ಒಂದೇ ತೆರನಾದ ಎರಡು ಹೆಸರುಗಳನ್ನು ಇಬ್ಬರು ಹಿಡಿದು ಓದುಗರನ್ನು ದಾರಿ ತಪ್ಪಿಸುವ ಅಪಾಯವಿತ್ತು. ಭಾರತೀಯ ಲಿಪಿಗಳ ನಿಯಮ ರೂಪಿಸಲು, ಜಗತ್ತಿನ ಡೊಮೈನ್ ವ್ಯವಸ್ಥೆಯ ಮೇಲ್ವಿಚಾರಣೆ ನಡೆಸುವ ಐಕ್ಯಾನ್ ಸಂಸ್ಥೆಯ ಆಶ್ರಯದಲ್ಲಿ ಕೂಡಿದ ನವಬ್ರಾಹ್ಮಿ ತಂಡ ಈ ಜೋಡಿಗಳನ್ನು ಗುರುತಿಸಿ ದಾಖಲಿಸಿದೆ. ಲಿಪಿಶಾಸ್ತ್ರದ ತಿಳಿವಳಿಕೆ ಜಾಲದ ಭದ್ರತೆಗೆ ಹೀಗೆ ನೇರವಾಗಿ ಒದಗಿದ್ದು ನಿಜಕ್ಕೂ ಸಂತೋಷದ ವಿಷಯ.

ಬ್ರೌಸರಿನ ಬೀಗದ ಗುರುತಿಗೆ ಹಲವರು ಇಲ್ಲದ ಅರ್ಥ ಹಚ್ಚುತ್ತಾರೆ. ಆ ಬೀಗದ ಹಿಂದಿರುವ ಎಸ್‌ಎಸ್‌ಎಲ್ ಪ್ರಮಾಣಪತ್ರ ಎರಡು ವಿಷಯಗಳನ್ನಷ್ಟೇ ಖಾತರಿಪಡಿಸುತ್ತದೆ: ಮಾತುಕತೆ ನಡುದಾರಿಯಲ್ಲಿ ಯಾರ ಕಿವಿಗೂ ಬೀಳುತ್ತಿಲ್ಲ, ಮತ್ತು ಎದುರಿಗಿರುವ ಸರ್ವರ್ ಆ ಹೆಸರಿನದೇ. ಹೆಸರಿನ ಹಿಂದಿರುವವರು ಪ್ರಾಮಾಣಿಕರೇ ಎಂಬುದನ್ನು ಅದು ಹೇಳಲಾರದು. 2015ರ ಕೊನೆಯಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಈ ಪತ್ರವನ್ನು ಉಚಿತವಾಗಿ ಎಲ್ಲರಿಗೂ ಕೊಡತೊಡಗಿದ ಮೇಲೆ ಇದಕ್ಕಾಗಿ ದುಡ್ಡು ಸುರಿಯುವ ಅಗತ್ಯ ಸಣ್ಣ ತಾಣಗಳಿಗೆ ಉಳಿದಿಲ್ಲ.

ಹೋಸ್ಟಿಂಗ್ ಬದಲಿಸುವ ದಿನ ಬಂದಾಗ ಈ ಮೂರು ಗಡಿಗಳ ತಿಳಿವಳಿಕೆ ಕೈಹಿಡಿಯುತ್ತದೆ. ಕೇಳಿ ತಿಳಿದ ವಿಳಾಸವನ್ನು ಇತರರು ಎಷ್ಟು ಸೆಕೆಂಡು ನೆನಪಿಟ್ಟುಕೊಳ್ಳಬಹುದು ಎಂಬುದನ್ನು ಡಿಎನ್‌ಎಸ್ ದಾಖಲೆಯಲ್ಲಿ ಟಿಟಿಎಲ್ ಎಂಬ ಸಂಖ್ಯೆ ಹೇಳುತ್ತದೆ. ಅದು 86400 ಆಗಿದ್ದರೆ ಹಳೆಯ ವಿಳಾಸ ಒಂದಿಡೀ ದಿನ ಜನರ ಬಾಯಲ್ಲಿ ಉಳಿಯುತ್ತದೆ. ಅನುಭವಸ್ಥರು ಎರಡು ದಿನ ಮೊದಲೇ ಅದನ್ನು 300ಕ್ಕೆ ಇಳಿಸಿ, ಕಡತಗಳನ್ನು ಹೊಸ ಸರ್ವರಿಗೆ ನಕಲು ಮಾಡಿ, ಅಲ್ಲಿ ಎಲ್ಲವೂ ಸರಿಯಿದೆಯೆಂದು ಖಾತ್ರಿಯಾದ ಮೇಲೆ ವಿಳಾಸ ಬದಲಿಸುತ್ತಾರೆ, ಮತ್ತು ಹಳೆಯ ಮನೆಯ ದೀಪವನ್ನು ಇನ್ನೂ ಎರಡು ದಿನ ಆರಿಸದೆ ಬಿಡುತ್ತಾರೆ.